ಚಾವಣಿಯ ಕಪ್ಪು ಕೊನೆಗೂ ಕಪ್ಪಾಯಿತು

ಕಳೆದ ಶನಿವಾರ ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ನೆಲಮಾಳಿಗೆಯ ಚಾವಣಿ ಕಾಣೆಯಾಯಿತು. ಪ್ರೊಜೆಕ್ಟರ್ ಉರಿಯುತ್ತಿತ್ತು, ಪರದೆಯ ಮೇಲೆ ಬಿಳಿಯ ಗಗನನೌಕೆಯೊಂದು ನಿಧಾನವಾಗಿ ತೇಲುತ್ತಿತ್ತು, ಆದರೆ ಪರದೆಯ ಮೇಲಂಚಿನಿಂದ ಹತ್ತೇ ಅಂಗುಲ ಮೇಲೆ ಇರಲೇಬೇಕಾದ ಚಾವಣಿ ಎಷ್ಟು ಹುಡುಕಿದರೂ ಕಣ್ಣಿಗೆ ಸಿಗಲಿಲ್ಲ. ಡಿಸೆಂಬರಿನಿಂದ ನಾನು ಕಾದದ್ದು ಈ ಗಳಿಗೆಗಾಗಿ. ಶಿಕಾಗೊ ಸುತ್ತಿನ ಊರುಗಳಲ್ಲಿ ಚಳಿಗಾಲ ಕಳೆಯುವವರಿಗೆ ಮನೆಯೊಳಗೊಂದು ಕೆಲಸ ಬೇಕೇಬೇಕು, ಮಾರ್ಚ್ ಕೊನೆಯ ವಾರ ಬೇಸ್‌ಬಾಲ್ ಋತು ಶುರುವಾಗುವ ಮೊದಲು ಅದು ಮುಗಿಯಲೂ ಬೇಕು. ಈ ಸಲ ಹತ್ತು ದಿನ ಉಳಿದಿರುವಾಗಲೇ ಮುಗಿಯಿತು.

ಕೋಣೆಯ ಅಳತೆ ಹನ್ನೆರಡಕ್ಕೆ ಹದಿನೆಂಟು ಅಡಿ, ಎತ್ತರ ಏಳೂವರೆ ಅಡಿ. ಡ್ರೈವಾಲ್ ಹಲಗೆಗಳ ಸಂದು ಮುಚ್ಚಿದ್ದು, ಉಪ್ಪುಕಾಗದ ಹಿಡಿದು ಉಜ್ಜಿದ್ದು, ಪ್ರೈಮರ್ ಹೊಡೆದದ್ದು ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಒಂದು ಗೋಡೆಯನ್ನಾದರೂ ತಾವೇ ಬಳಿದವರಿಗೆ ಅದು ಗೊತ್ತಿರುವ ಸಂಗತಿ. ಗೋಡೆಗಳಿಗೆ ಹಿಂದಿನ ವರ್ಷವೇ ಕಡುನೀಲಿ ಹೊಡೆದಾಗಿತ್ತು, ನೂರು ಅಂಗುಲದ ಪರದೆಯೂ ತೂಗುಹಾಕಿಯಾಗಿತ್ತು. ಉಳಿದದ್ದು ಬಿಳಿ ಚಾವಣಿಯೊಂದೇ.

ಈ ಕೋಣೆಯಲ್ಲಿ ನಾವು ಬೇಸಿಗೆಯಲ್ಲಿ ಬೇಸ್‌ಬಾಲ್ ನೋಡುತ್ತೇವೆ, ಚಳಿಗಾಲದಲ್ಲಿ ವೈಜ್ಞಾನಿಕ ಚಲನಚಿತ್ರ ನೋಡುತ್ತೇವೆ. ಬೇಸ್‌ಬಾಲಿಗೆ ಬಿಳಿ ಚಾವಣಿಯಿಂದ ಏನೂ ತೊಂದರೆಯಿರಲಿಲ್ಲ. ಶಿಕಾಗೊದ ಕಬ್ಸ್ ತಂಡದ ಮೈದಾನವಾದ ರಿಗ್ಲಿ ಫೀಲ್ಡಿಗೆ ದೀಪಗಳು ಬಂದದ್ದೇ 1988ರ ಆಗಸ್ಟಿನಲ್ಲಿ. ಅಲ್ಲಿ ಹಗಲಿನ ಪಂದ್ಯಗಳ ರೂಢಿ ಇಂದಿಗೂ ಗಟ್ಟಿಯಾಗಿದೆ. ಬಿಸಿಲು, ಹಸಿರು ಹುಲ್ಲು, ಬಿಳಿ ಸಮವಸ್ತ್ರ ತುಂಬಿರುವ ಚಿತ್ರದಲ್ಲಿ ಕಪ್ಪಿಗೆ ಜಾಗವೇ ಕಡಿಮೆ, ಹಾಗಾಗಿ ಕಪ್ಪು ಕೆಟ್ಟಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಆದರೆ ಬಾಹ್ಯಾಕಾಶದ ದೃಶ್ಯ ಬಂದ ಕೂಡಲೇ ಗುಟ್ಟು ಹೊರಬೀಳುತ್ತದೆ. ಬೆಳಗುವ ನೌಕೆಯೊಂದು ಪರದೆಯ ಮಧ್ಯಕ್ಕೆ ಬಂದರೆ ಅದರ ಬೆಳಕು ಚಾವಣಿಗೆ ಬಿದ್ದು, ಚಾವಣಿ ಅದರ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ಕೋಣೆಗೆ ಮರಳಿ ಚೆಲ್ಲಿ, ಅದರಲ್ಲೊಂದು ಭಾಗ ಪರದೆಗೇ ಹಿಂತಿರುಗಿ, ನಕ್ಷತ್ರಗಳ ನಡುವಿನ ಕತ್ತಲೆಯನ್ನು ಅನ್ನ ಬಸಿದ ಗಂಜಿಯಂತೆ ಮಬ್ಬಾಗಿಸುತ್ತದೆ. ಪ್ರೊಜೆಕ್ಟರ್ ಎಷ್ಟು ದುಬಾರಿಯದಾದರೂ ಇದಕ್ಕೆ ಅದರಲ್ಲಿ ಮದ್ದಿಲ್ಲ, ಏಕೆಂದರೆ ದೋಷ ಕೋಣೆಯದು. ಎಂಟು ಬಿಳಿ, ಎಂಟು ಕಪ್ಪು ಮನೆಗಳಿರುವ ಪರೀಕ್ಷಾ ಚಿತ್ರವನ್ನು ಹಾಕಿ ಪರದೆಯ ಬಳಿ ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದಾಗ ಬಿಳಿ ಮನೆಯಲ್ಲಿ 340, ಕಪ್ಪು ಮನೆಯಲ್ಲಿ 9 ತೋರಿಸಿತು. ಮೂವತ್ತೆಂಟಕ್ಕೆ ಒಂದರ ಈ ಅನುಪಾತ ನೋಡಿದ ದಿನವೇ ಚಾವಣಿಗೆ ಮಾಸಲು, ಅಂದರೆ ಹೊಳಪಿಲ್ಲದ ಮ್ಯಾಟ್, ಕಪ್ಪು ಹೊಡೆಯುವುದೆಂದು ನಿಶ್ಚಯಿಸಿದೆ.

ಮೊದಲ ಪ್ರಯತ್ನ ಜನವರಿಯ ಎರಡನೆಯ ವಾರ ನಡೆಯಿತು, ಪೂರ್ತಿಯಾಗಿ ಸೋತಿತು. ಎರಡು ಕೋಟ್ ಹೊಡೆದು, ಒಣಗಿದ ಮೇಲೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ನೋಡಿದಾಗ ಸೊಗಸಾಗಿಯೇ ಇತ್ತು. ರಾತ್ರಿ ಪ್ರೊಜೆಕ್ಟರ್ ಹಚ್ಚಿದೆ. ಬೆಳಕು ಚಾವಣಿಯನ್ನು ಸವರಿಕೊಂಡು ಹೋದಾಗ ರೋಲರ್ ನಡೆದ ದಾರಿಯೆಲ್ಲ ಎದ್ದು ಕಂಡಿತು. ಒಂದು ಪಟ್ಟಿ ಮಾಸಲು, ಪಕ್ಕದ್ದು ಕೊಂಚ ಹೊಳಪು, ಎರಡರ ನಡುವೆ ಎರಡಂಗುಲ ಅಗಲದ ಜಿಡ್ಡು ಗೆರೆ, ಉತ್ತು ಬಿಟ್ಟ ಹೊಲದ ಹಾಗೆ. ಅಲ್ಲಲ್ಲಿ ಬ್ರಷ್ ಹಿಡಿದು ತಿದ್ದಿದೆ. ಕಡು ಬಣ್ಣಗಳ ವಿಷಯದಲ್ಲಿ ಮಾಡಲೇಬಾರದ ಕೆಲಸವದು. ತಿದ್ದಿದ ಕಡೆಯೆಲ್ಲ ಹೊಸ ಮಚ್ಚೆ ಮೂಡಿತು.

ಇಲ್ಲಿ ಅಂಗಡಿಯವರ ಮೇಲೆ ನನಗಿರುವ ಸಿಟ್ಟನ್ನು ಬರೆಯದೆ ಮುಂದೆ ಹೋಗಲಾರೆ. ಎರಡು ಗ್ಯಾಲನ್ ಡಬ್ಬಿಗಳನ್ನು ಒಂದೇ ದಿನ, ಒಂದೇ ಸಂಖ್ಯೆ ಹೇಳಿ, ಒಂದೇ ಕೌಂಟರಿನಲ್ಲಿ ಮಿಶ್ರಣ ಮಾಡಿಸಿದ್ದೆ. ಎರಡರ ಮುಚ್ಚಳದ ಮೇಲೂ ಪೂರ್ಣ ಮಾಸಲು ಎಂದೇ ಚೀಟಿಯಿತ್ತು. ಚೀಟಿಯನ್ನು ಕಿತ್ತು ನೋಡಿದಾಗ ಎರಡನೆಯ ಡಬ್ಬಿಯ ಮೂಲ ಬಣ್ಣ ಅರೆಹೊಳಪಿನ ಜಾತಿಯದೆಂದು ತಿಳಿಯಿತು. ಹಿಂತಿರುಗಿಸಲು ಹೋದರೆ, ಮಿಶ್ರಣ ಮಾಡಿದ ಬಣ್ಣವನ್ನು ವಾಪಸು ತೆಗೆದುಕೊಳ್ಳುವ ಪದ್ಧತಿಯಿಲ್ಲವೆಂದರು. ತಪ್ಪು ಅವರದು, ಹಣ ನನ್ನದು, ಹಾಳಾದದ್ದು ನನ್ನ ಎರಡು ಶನಿವಾರ. ಆ ದಿನದಿಂದ ನಾನು ಚೀಟಿ ಕಿತ್ತು ನೋಡದೆ ಡಬ್ಬಿಯನ್ನು ಕಾರಿಗೆ ಇಡುವುದಿಲ್ಲ. ಇದನ್ನು ಓದುವವರೂ ಹಾಗೆಯೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಆದರೂ ಪಟ್ಟೆಗಳ ಹೊಣೆಯನ್ನೆಲ್ಲ ಡಬ್ಬಿಯ ಮೇಲೆ ಹೊರಿಸುವಂತಿರಲಿಲ್ಲ, ಏಕೆಂದರೆ ಮೊದಲ ಡಬ್ಬಿಯಿಂದ ಹೊಡೆದ ಭಾಗದಲ್ಲೂ ಗೆರೆಗಳಿದ್ದವು. ಕಾರಣ ಹೊಳೆದದ್ದು ಏಣಿಯ ಮೇಲೆ ನಿಂತು ನೋಡುತ್ತಿದ್ದಾಗ ಮುಖಕ್ಕೆ ಬಿಸಿಗಾಳಿ ರಾಚಿದಾಗ. ಹೊರಗೆ ಹಿಮ, ಒಳಗೆ ಹೀಟರ್; ಚಾವಣಿಯ ಎರಡು ಕಿಂಡಿಗಳಿಂದ ಒಣ ಬಿಸಿಗಾಳಿ ನೇರ ಹಸಿ ಬಣ್ಣದ ಮೇಲೆಯೇ ಬೀಸುತ್ತಿತ್ತು. ಒಂದು ಪಟ್ಟಿ ಮುಗಿಸಿ ರೋಲರ್ ಅದ್ದಿ ಬರುವಷ್ಟರಲ್ಲಿ ಹಿಂದಿನ ಪಟ್ಟಿಯ ಅಂಚು ಒಣಗುತ್ತಿತ್ತು, ಒಣ ಅಂಚಿನ ಮೇಲೆ ಹಸಿ ಬಣ್ಣ ಕೂತ ಜಾಗವೇ ಆ ಜಿಡ್ಡು ಗೆರೆಯಾಗುತ್ತಿತ್ತು. ಎರಡನೆಯ ಸಲ ಕಿಂಡಿಗಳನ್ನು ಮುಚ್ಚಿ, ಹೀಟರ್ ಆರಿಸಿ, ಕೋಣೆಯಲ್ಲಿ ರಾತ್ರಿಯೆಲ್ಲ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಓಡಿಸಿ, ಹೊಸ ಎರಡು ಡಬ್ಬಿಗಳ ಬಣ್ಣವನ್ನು ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿ, ಒಣಗುವುದನ್ನು ನಿಧಾನಗೊಳಿಸುವ ದ್ರವವನ್ನು ಹೇಳಿದ ಪ್ರಮಾಣದಲ್ಲಿ ಸೇರಿಸಿದೆ. ನನ್ನ ಹೆಂಡತಿ ಬ್ರಷ್ ಹಿಡಿದು ಅಂಚು ಕಟ್ಟುತ್ತಾ ಮುಂದೆ ಸಾಗಿದರೆ, ನಾನು ಹದಿನೆಂಟು ಅಂಗುಲದ ರೋಲರ್ ಹಿಡಿದು ಅವಳ ಬೆನ್ನಿಗೇ ನಡೆದೆ. ಕೊನೆಯ ಎಳೆತವೆಲ್ಲ ಒಂದೇ ದಿಕ್ಕಿಗೆ, ಪ್ರೊಜೆಕ್ಟರಿನಿಂದ ಪರದೆಯ ಕಡೆಗೆ. ಪ್ರತಿ ಕೋಟಿಗೆ ನಲವತ್ತು ನಿಮಿಷ, ನಡುವೆ ಕಾಫಿಗೂ ನಿಲ್ಲಲಿಲ್ಲ. ಮರುದಿನ ರಾತ್ರಿ ಬೆಳಕು ಹಾಯಿಸಿದಾಗ ಒಂದೇ ಒಂದು ಗೆರೆಯಿರಲಿಲ್ಲ.

ಗೆರೆ ಹೋಯಿತು, ಹೊಳಪು ಹೋಗಲಿಲ್ಲ. ಪರದೆಯ ಹತ್ತಿರದ ನಾಲ್ಕಡಿ ಚಾವಣಿಯಲ್ಲಿ, ಸೋಫಾದ ಮೇಲೆ ಕುಳಿತವರಿಗೆ, ಪರದೆಯ ಚಿತ್ರವೇ ತಲೆಕೆಳಗಾಗಿ ಮಂಕಾಗಿ ಮೂಡುತ್ತಿತ್ತು. ಮಾಸಲು ಬಣ್ಣವೂ ಓರೆಯಾಗಿ ಸವರಿ ಹೋಗುವ ಬೆಳಕನ್ನು ಪೂರ್ತಿ ನುಂಗಲಾರದು; ಸಂಜೆಯ ಇಳಿಬಿಸಿಲಿಗೆ ಕರಿಯ ಡಾಂಬರು ರಸ್ತೆ ಥಳಥಳಿಸುವುದು ಇದೇ ಕಾರಣಕ್ಕೆ. ಬಣ್ಣ ಇನ್ನಷ್ಟು ಕಪ್ಪಾದರೂ ಪ್ರಯೋಜನವಿರಲಿಲ್ಲ. ಎರಡು ವಾರ ನನಗೆ ಏನೂ ತೋಚಲಿಲ್ಲ.

ಆ ಎರಡು ವಾರ ಕೈ ಸುಮ್ಮನಿರಲಾರದೆ ಮುಂದಿನ ಕೆಲಸದ ನಕ್ಷೆ ಬರೆದೆ. ರಿಗ್ಲಿ ಫೀಲ್ಡಿನಲ್ಲಿ 1937ರಲ್ಲಿ ನಿಲ್ಲಿಸಿದ ಹಸಿರು ಸ್ಕೋರ್‌ಬೋರ್ಡ್ ಇಂದಿಗೂ ಕೈಯಿಂದಲೇ ನಡೆಯುತ್ತದೆ, ಅದರೊಳಗೆ ಜನ ಕುಳಿತು ಅಂಕಿಯ ಹಲಗೆಗಳನ್ನು ಬದಲಿಸುತ್ತಾರೆ. ಅದರ ಮರಿಯೊಂದು ನಮ್ಮ ಹಿಂಗೋಡೆಗೆ ಬರಲಿದೆ: ಆರಡಿ ಉದ್ದದ ಪ್ಲೈವುಡ್, ಎರಡು ಸಾಲು, ಒಂಬತ್ತು ಇನ್ನಿಂಗ್ಸ್, ಕೊನೆಯಲ್ಲಿ ರನ್, ಹಿಟ್, ಎರರ್ ಎಂಬ ಮೂರು ಕಂಬಸಾಲು, ಕೊಕ್ಕೆಗೆ ತೂಗುವ ಹಲಗೆಗಳ ಮೇಲೆ ಕನ್ನಡದ ಅಂಕಿಗಳು. ಹದಿನೈದು ಅಡಿ ದೂರದಿಂದ ೬ ಮತ್ತು ೯ ಒಂದಕ್ಕೊಂದು ಬೆರೆಯದ ಹಾಗೆ ಬರೆಯುವುದು ಹೇಗೆಂದು ಈಗಾಗಲೇ ಆರು ಅಚ್ಚು ಕತ್ತರಿಸಿ ನೋಡಿದ್ದೇನೆ. ೬ರ ಹೊಟ್ಟೆಯನ್ನು ಇನ್ನಷ್ಟು ತೆರೆದರೆ ಸರಿಹೋಗುವಂತಿದೆ.

ಚಾವಣಿಗೆ ದಾರಿ ತೋರಿಸಿದ್ದು ಬೇಸ್‌ಬಾಲೇ. ಮಾರ್ಚ್ ಮೊದಲಲ್ಲಿ ಅರಿಜೋನಾದ ಮೇಸಾದಲ್ಲಿ ಕಬ್ಸ್ ತಂಡದ ಅಭ್ಯಾಸ ಪಂದ್ಯಗಳು ನಡೆಯುತ್ತವೆ. ಮರುಭೂಮಿಯ ನಡುಹಗಲಿನ ಅಂಥದೊಂದು ಪಂದ್ಯದಲ್ಲಿ ಚೆಂಡು ಸೆಂಟರ್ ಫೀಲ್ಡಿನತ್ತ ಎತ್ತರಕ್ಕೆ ಹಾರಿದಾಗ, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದಿನ ಕ್ಯಾಮೆರಾ ಅದರ ಹಿಂದೆ ಹೊರಳಿ, ಬೆಳಗುವ ಬಿಸಿಲಿನ ನಡುವೆ ಕಡು ಬಣ್ಣದ ಚೌಕವೊಂದನ್ನು ತೋರಿಸಿತು. ಅದನ್ನು ಬ್ಯಾಟರ್ಸ್ ಐ ಎನ್ನುತ್ತಾರೆ. ಕ್ರಿಕೆಟ್ಟಿನಲ್ಲಿ ಬಿಳಿ ಚೆಂಡಿಗೆ ಕಪ್ಪು ಸೈಟ್‌ಸ್ಕ್ರೀನ್ ಇಡುವ ಹಾಗೆಯೇ ಇದು: ಅರುವತ್ತು ಅಡಿ ಆರು ಅಂಗುಲ ದೂರದಿಂದ ಪಿಚರ್ ಗಂಟೆಗೆ 95 ಮೈಲಿ ವೇಗದಲ್ಲಿ ಎಸೆದ ಬಿಳಿ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬ್ಯಾಟರ್ ಬಳಿಗೆ ಬರುತ್ತದೆ, ಅಷ್ಟರಲ್ಲಿ ಅದು ಕಾಣಬೇಕಾದರೆ ಅದರ ಹಿಂದೆ ಬೆಳಕಿರಬಾರದು, ಹೊಳಪೂ ಇರಬಾರದು. ಮಿನಿಯಾಪೊಲಿಸಿನ ಟಾರ್ಗೆಟ್ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನ ಈ ಚೌಕದೊಡನೆ ಪಟ್ಟ ಪಾಡು ಆಗ ನೆನಪಾಯಿತು. 2010ರಲ್ಲಿ ಅಲ್ಲಿ ಸಾಲಾಗಿ ಸ್ಪ್ರೂಸ್ ಮರ ನೆಟ್ಟರು, ಬ್ಯಾಟರ್‌ಗಳು ದೂರಿದ್ದರಿಂದ ಒಂದೇ ಋತುವಿನಲ್ಲಿ ಕಿತ್ತರು. ಆಮೇಲೆ ಗೋಡೆಯನ್ನೇ ಕಪ್ಪು ಮಾಡಿದರು. 2019ರಲ್ಲಿ ಆ ಜಾಗಕ್ಕೆ ಜುನಿಪರ್ ಗಿಡಗಳ ಜೀವಂತ ಗೋಡೆಯೇ ಬಂತು. ಗಿಡದ ಹಸಿರು ಕಪ್ಪಿಗಿಂತ ತಿಳಿಯೇ ಇರಬಹುದು, ಆದರೆ ಎಲೆಗಳ ನಡುವೆ ಹೊಕ್ಕ ಬೆಳಕು ಒಂದರಿಂದ ಇನ್ನೊಂದಕ್ಕೆ ಬಡಿದು ಅಲ್ಲೇ ಸೋತುಹೋಗುತ್ತದೆ. ನನ್ನ ಚಾವಣಿಗೆ ಬೇಕಾದದ್ದು ಇಂಥ ಎಲೆ. ಬಟ್ಟೆಯಲ್ಲಿ ಅದಕ್ಕೆ ಮಖಮಲ್ ಎಂದು ಹೆಸರು.

ಐದು ಗಜ ಕಪ್ಪು ಮಖಮಲ್ ತರಿಸಿದೆ. ಕಳಿಸಿದವರು ಒಂದೇ ತುಂಡಿನ ಬದಲು ಮೂರು ಗಜದ್ದೊಂದು, ಎರಡು ಗಜದ್ದೊಂದು ಕಳಿಸಿದರು. ಮೂರಡಿಗೆ ನಾಲ್ಕಡಿಯ ನಾಲ್ಕು ಹಲಗೆಗಳಿಗೆ ಅಂಚು ಮಡಚುವ ಬಟ್ಟೆ ಸೇರಿ ಲೆಕ್ಕ ಹಾಕಿದ್ದವನಿಗೆ ಮೂರು ಹಲಗೆಗಷ್ಟೇ ಆಯಿತು. ದೂರಿಗೆ ಉತ್ತರವಾಗಿ ಬಂದದ್ದು ಮುಂದಿನ ಖರೀದಿಗೆ ಹತ್ತು ಪ್ರತಿಶತ ರಿಯಾಯಿತಿ. ಗಜದ ಲೆಕ್ಕದಲ್ಲಿ ಬಟ್ಟೆ ಮಾರುವವರಿಗೆ ತುಂಡು ಬಟ್ಟೆಗೂ ಇಡೀ ಬಟ್ಟೆಗೂ ಇರುವ ವ್ಯತ್ಯಾಸ ತಿಳಿದಿರಲೇಬೇಕು.

ಬಟ್ಟೆಯ ಬಗ್ಗೆ ನನಗಿಂತ ಅಮ್ಮನಿಗೆ ಗೊತ್ತು. ದೀಪಾವಳಿಗೆ ಬಂದವರು ಏಪ್ರಿಲ್‌ವರೆಗೆ ನಮ್ಮಲ್ಲಿದ್ದಾರೆ. ತೀರ್ಥಹಳ್ಳಿಯಲ್ಲಿ ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದವರು. ಮನೆಗೆ ಕರಿ ಬಳಿಯುವುದು ಅವರಿಗೆ ಮೊದಲಿನಿಂದಲೂ ಒಪ್ಪಿಗೆಯಿರಲಿಲ್ಲ. ಆದರೆ ನಾನು ಪ್ಲೈವುಡ್ಡಿನ ಮೇಲೆ ಬಟ್ಟೆ ಎಳೆದು ಸ್ಟೇಪಲ್ ಹೊಡೆದು ಮೂರು ಹಲಗೆಗಳನ್ನು ಗೋಡೆಗೆ ಒರಗಿಸಿಟ್ಟದ್ದನ್ನು ಕಂಡು, ನಡುವಿನದರ ಮುಂದೆ ನಿಂತು ಅಂಗೈಯಲ್ಲಿ ಮೇಲಿಂದ ಕೆಳಕ್ಕೆ ಒಮ್ಮೆ, ಕೆಳಗಿಂದ ಮೇಲಕ್ಕೆ ಒಮ್ಮೆ ಸವರಿದರು. ಕೈ ಹೋದ ಕಡೆ ಕಪ್ಪು ಬೂದಿಯಾಯಿತು, ಮರಳಿದಾಗ ಮತ್ತೆ ಕಪ್ಪಾಯಿತು. "ಇದೊಂದನ್ನ ಉಲ್ಟಾ ಹೊಡೆದಿದೀಯ ಕಣೋ, ಇದರ ರೋಮ ಆ ಕಡೆ ಮಲಗಿದೆ, ಉಳಿದೆರಡರದ್ದು ಈ ಕಡೆ" ಎಂದರು. ಮೇಲಕ್ಕೇರಿಸಿದ್ದರೆ ಮೂರು ಹಲಗೆಗಳಲ್ಲಿ ಒಂದು ಬೇರೆಯೇ ಬಣ್ಣದ್ದಾಗಿ ಕಾಣುತ್ತಿತ್ತು. ಆ ಸಂಜೆಯೇ ಸ್ಟೇಪಲ್ ಕಿತ್ತು ತಿರುಗಿಸಿದೆ. ಬಳಿಕ ಒಂದು ಹಲಗೆಯನ್ನು ಹೆಂಡತಿಯೊಡನೆ ಚಾವಣಿಗೆ ಎತ್ತಿ ಹಿಡಿದು, ಎರಡೂ ದಿಕ್ಕಿಗೆ ತಿರುಗಿಸಿ, ಸೋಫಾದಲ್ಲಿ ಕುಳಿತ ಅಮ್ಮ ಹೆಚ್ಚು ಕಪ್ಪೆಂದು ಹೇಳಿದ ದಿಕ್ಕನ್ನೇ ಎಲ್ಲಕ್ಕೂ ಇಟ್ಟುಕೊಂಡು, ತೊಲೆಗಳಿಗೆ ಕಪ್ಪು ಸ್ಕ್ರೂ ಬಿಗಿದೆ. ನಾಲ್ಕನೆಯ ಹಲಗೆಗೆ ಬಟ್ಟೆ ಬಂದದ್ದು ಶುಕ್ರವಾರ.

ಶನಿವಾರ ಅದೇ ಪರೀಕ್ಷಾ ಚಿತ್ರ, ಅದೇ ಮೀಟರ್: ಬಿಳಿ ಮನೆಯಲ್ಲಿ 335, ಕಪ್ಪು ಮನೆಯಲ್ಲಿ 2.4. ಮೂವತ್ತೆಂಟಿದ್ದ ಅನುಪಾತ ನೂರ ನಲವತ್ತರ ಹತ್ತಿರ ಬಂದಿದೆ. ಬಣ್ಣವೊಂದೇ ಇದ್ದಾಗ ಕಪ್ಪು ಮನೆ 3.5ರಲ್ಲಿತ್ತು, ಉಳಿದದ್ದು ಮಖಮಲ್ಲಿನ ದುಡಿಮೆ.

ಆಮೇಲೆ 1968ರ '2001: ಎ ಸ್ಪೇಸ್ ಒಡಿಸ್ಸಿ' ಹಾಕಿದೆ. ಆ ಚಿತ್ರ ಶುರುವಾಗುವಾಗ ಸುಮಾರು ಮೂರು ನಿಮಿಷ ಪರದೆಯ ಮೇಲೆ ಏನೂ ಇರುವುದಿಲ್ಲ, ಕತ್ತಲೆಯಲ್ಲಿ ಸಂಗೀತವೊಂದೇ. ಪೂರ್ತಿ ಕಪ್ಪು ಚಿತ್ರ ಬಂದರೆ ನಮ್ಮ ಪ್ರೊಜೆಕ್ಟರಿನ ಲೇಸರ್ ತಾನಾಗಿ ಮಂಕಾಗುತ್ತದೆ. ಪರದೆಯಿಲ್ಲ, ಚಾವಣಿಯಿಲ್ಲ, ಪಕ್ಕದಲ್ಲಿ ಕುಳಿತವರ ಮುಖವೂ ಇಲ್ಲ. ಒಂದು ನಿಮಿಷ ಕಾದ ಅಮ್ಮ ಕತ್ತಲೆಯಲ್ಲೇ ನನ್ನ ತೋಳು ಮುಟ್ಟಿ ಕೇಳಿದರು: "ಹಾಡು ಕೇಳ್ತಿದೆ, ನಿನ್ನ ಮಿಷನ್ನು ಆರಿಹೋಯ್ತೇನೋ?"