ಮಂದೆಯ ಹಿಂದೆ ನಡೆಯೋ ಅಭ್ಯಾಸ ಬಿಡೋಕೆ ನನಗೆ ನಾಲ್ಕು ತಿಂಗಳು ಬೇಕಾಯ್ತು

ಮಳವಳ್ಳಿ ಕಡೆ ಒಂದು ಕುರಿ ಫಾರಂನಲ್ಲಿ ನನ್ನ ಕೆಲಸ. ಬಂಡೂರು ಕುರಿ, ಮರಿಗಳೂ ಸೇರಿ 80ರ ಮೇಲಿವೆ. ಎರಡು ವರ್ಷದ ಹಿಂದೆ ಯಜಮಾನರು ಬಾರ್ಡರ್ ಕೋಲಿ ಅನ್ನೋ ತಳಿಯ ಒಂದು ಹೆಣ್ಣು ನಾಯಿಮರಿ ತಂದು, "ಇದಕ್ಕೆ ಕುರಿ ಹೊಡ್ಕೊಂಡ್ ಬರೋದು ಕಲಿಸಪ್ಪ" ಅಂದರು. ಚುಕ್ಕಿ ಅಂತ ಹೆಸರಿಟ್ಟೆವು.

ನಮ್ಮ ಕಡೆ ಮಂದೆ ಜೊತೆ ಇರೋ ನಾಟಿ ನಾಯಿಯ ಕೆಲಸವೇ ಬೇರೆ. ರಾತ್ರಿ ಚಿರತೆ ಬಂದರೆ, ಕಳ್ಳರು ಬಂದರೆ ಬೊಗಳಿ ಎಬ್ಬಿಸಬೇಕು. ಕುರಿ ತಿರುಗಿಸೋದು ಕೋಲು ಹಿಡಿದ ಮನುಷ್ಯ. ಚುಕ್ಕಿ ಹಾಗಲ್ಲ. ಬೊಗಳಲ್ಲ. ತಲೆ ತಗ್ಗಿಸಿ, ಕಣ್ಣು ನೆಟ್ಟು, ಬೆಕ್ಕಿನ ಥರ ಹೆಜ್ಜೆ ಇಡುತ್ತಾಳೆ. ಇದು ಬೇಟೆಯ ಬುದ್ಧಿಯೇ, ಕೊಲ್ಲೋ ಭಾಗವನ್ನು ತಲೆಮಾರುಗಟ್ಟಲೆ ಆರಿಸಿ ಆರಿಸಿ ಕಳೆದಿದ್ದಾರೆ ಅಷ್ಟೇ. 1893ರಲ್ಲಿ ಇಂಗ್ಲೆಂಡಿನ ನಾರ್ಥಂಬರ್ಲೆಂಡ್‌ನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಅನ್ನೋ ನಾಯಿ ಸದ್ದಿಲ್ಲದೆ ಕೆಲಸ ಮಾಡೋದಕ್ಕೇ ಹೆಸರಾಗಿತ್ತು. ಈ ತಳಿಯ ಮೂಲಪುರುಷ ಅಂತ ಅದನ್ನೇ ಹೇಳುತ್ತಾರೆ.

ನಾನು ಮಾಡಿದ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯವರು ಯಾರು ಈ ಕೆಲಸಕ್ಕೆ ಇಳಿದರೂ ಮೊದಲು ಇದನ್ನೇ ಮಾಡುತ್ತಾರೆ ಅಂತ ನನಗೆ ಅನ್ನಿಸುತ್ತದೆ. ಚಿಕ್ಕಂದಿನಿಂದ ನಾನು ನಡೆದಿದ್ದು ಮಂದೆಯ ಹಿಂದೆ. ಕುರಿ ಮುಂದೆ, ನಾನು ಹಿಂದೆ. ಚುಕ್ಕಿಯನ್ನು ಬಿಟ್ಟಾಗಲೂ ಹಾಗೇ ನಡೆದೆ. ಆದರೆ ಕೋಲಿ ನಾಯಿಗೆ ಹುಟ್ಟಿನಿಂದಲೇ ಬಂದಿರೋದು ಒಂದೇ ಆಸೆ, ಸುತ್ತು ಹಾಕಿ ಆಚೆ ಬದಿಗೆ ಹೋಗಿ ಕುರಿಗಳನ್ನು ತನ್ನ ಮನುಷ್ಯನ ಹತ್ತಿರ ತರೋದು. ಗಡಿಯಾರದಲ್ಲಿ ನಾನು 6ರ ಮೇಲೆ ನಿಂತರೆ ಅವಳು 12ಕ್ಕೆ ಹೋಗಬೇಕು, ಕುರಿ ನಡುವೆ. ನಾನು ಒಂದು ಪಕ್ಕಕ್ಕೆ ಸರಿದರೆ ಅವಳು ಎದುರು ಪಕ್ಕಕ್ಕೆ ಸರಿಯುತ್ತಾಳೆ, ಹೇಳಿಕೊಡೋದೇ ಬೇಡ. ನಾನೋ ಕುರಿಗಳನ್ನು ಅವಳ ಕಡೆಗೇ ತಳ್ಳುತ್ತಿದ್ದೆ. ಅವಳು ನನ್ನ ಕಡೆ, ನಾನು ಅವಳ ಕಡೆ. ನಡುವೆ ಸಿಕ್ಕ ಕುರಿಗಳು ದಿಕ್ಕೆಟ್ಟು ಪಕ್ಕದ ಕಬ್ಬಿನ ಗದ್ದೆಗೆ ನುಗ್ಗುತ್ತಿದ್ದವು. ನಾನು "ಬೇಡ, ಬೇಡ" ಅಂತ ಕೂಗುತ್ತಿದ್ದೆ. ಕೂಗಿದಷ್ಟೂ ಅವಳ ಓಟ ಜಾಸ್ತಿ.

ಒಂದು ದಿನ ಹೀಗೇ ಆಗಿ, ನಾಲ್ಕು ತಿಂಗಳ ಗಬ್ಬದ ಕುರಿ ಒಂದು ನಾಲೆ ಏರಿಯಿಂದ ಜಾರಿ ಬಿತ್ತು. ಮಾರನೇ ದಿನ ಮರಿ ಹಾಕಿತು, ಜೀವ ಇರಲಿಲ್ಲ. ಗಬ್ಬದ ಕುರಿಯನ್ನು ಕಲಿಯೋ ನಾಯಿಯ ಮುಂದೆ ಬಿಟ್ಟಿದ್ದು ನಾನು. ಆ ರಾತ್ರಿ ನನಗೆ ಊಟ ಇಳಿಯಲಿಲ್ಲ. ಚುಕ್ಕಿಯನ್ನು ಕಟ್ಟಿಹಾಕಿದೆ.

ವಾರದ ಮೇಲೆ ಪಕ್ಕದೂರಿನ ಕುರಿ ಕಾಯೋ ಅಜ್ಜ ಒಬ್ಬರು ಬಂದರು. ಕೋಲಿ ನಾಯಿಯನ್ನು ಅವರು ಅದುವರೆಗೆ ಕಂಡವರೇ ಅಲ್ಲ. ಬಿಡು ನೋಡೋಣ ಅಂದರು. ಐದು ನಿಮಿಷ ನೋಡಿ ಹೇಳಿದ್ದು ಇಷ್ಟು: "ಲೋ ಮಗ, ಅದು ಕುರೀನ ನಿನ್ ತಾವ್ಕೇ ತತ್ತಾ ಅದೆ. ನೀನ್ಯಾಕ್ಲಾ ಅಟ್ತೀಯಾ? ಸುಮ್ನೆ ಹಿಂದಕ್ ನಡಿ."

ನಡೆದೆ. ಕುರಿಗೆ ಮುಖ ಮಾಡಿಕೊಂಡು, ಬಾಯಿ ಮುಚ್ಚಿಕೊಂಡು, ಹಿಂದಕ್ಕೆ ಹಿಂದಕ್ಕೆ. ಆರು ಕುರಿಗಳು ನನ್ನ ಮೊಣಕಾಲ ತನಕ ಬಂದು ನಿಂತವು, ಆಚೆ ಚುಕ್ಕಿ ತಾನಾಗೇ ನಿಧಾನ ಆದಳು. ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲೆ ಎಲ್ಲ ಹೊಸದಾಗಿ ಶುರು ಮಾಡಿದೆ. ಗಾಬರಿ ಬೀಳದ ಹಳೇ ಕುರಿ ಐದಾರು ಮಾತ್ರ, ಚುಕ್ಕಿ ಕೊರಳಿಗೆ ನೆಲದ ಮೇಲೆ ಎಳೆದುಕೊಂಡು ಹೋಗೋ ಉದ್ದ ಹಗ್ಗ, ಬೆಳಿಗ್ಗೆ 6ಕ್ಕೆ ಶುರು, ಬಿಸಿಲೇರೋ ಮೊದಲು ಮುಗಿಸಬೇಕು. ಅವಳ ದಪ್ಪ ಕೂದಲಿಗೆ ನಮ್ಮ ಏಪ್ರಿಲ್ ಬಿಸಿಲು ತಡೆಯಲ್ಲ. ಮೊದಲ ಮಾತು "ಮಲಗು". ನಿಲ್ಲೋಕೆ ಬಾರದ ನಾಯಿಗೆ ಬೇರೇನೂ ಕಲಿಸೋಕಾಗಲ್ಲ. ಸುತ್ತು ಹಾಕೋಕೆ ಎಡ ಬಲ ಅನ್ನೋ ಹಾಗಿಲ್ಲ, ಅವಳು ಎದುರು ಬದಿಗೆ ಹೋದ ಕೂಡಲೇ ನನ್ನ ಎಡ ಅವಳ ಬಲ ಆಗುತ್ತಲ್ವಾ? ಅದಕ್ಕೆ ಕುರಿಗಳ ಸುತ್ತ ಗಡಿಯಾರದ ಮುಳ್ಳಿನ ದಿಕ್ಕಿಗೆ "ಕಮ್ ಬೈ", ಅದರ ವಿರುದ್ಧ ದಿಕ್ಕಿಗೆ "ಅವೇ".

ಈ ಸಲ ರಾಗಿ ಕುಯ್ಲಾದ ಹೊಲದಲ್ಲಿ ಒಂದು ಪರೀಕ್ಷೆ ಇಟ್ಟೆವು. ಕುರಿ ಹೊಡೆಯೋ ನಾಯಿಗಳ ಇಂಥ ಪರೀಕ್ಷೆಗೆ ಟ್ರಯಲ್ ಅಂತಾರೆ, ಬ್ರಿಟನ್‌ನಲ್ಲಿ 1873ರಲ್ಲಿ ವೇಲ್ಸ್‌ನ ಬಾಲಾದಲ್ಲಿ ಒಂದು ನಡೆದ ಕಾಲದಿಂದ ಇವು ಇವೆ. ಅಜ್ಜನ ಮಂದೆಯಿಂದ ಐದು ಕುರಿ ತಂದೆವು, ಚುಕ್ಕಿಗೆ ಗುರುತಿಲ್ಲದವು. ದೂರದ ಸುತ್ತು ಚೆನ್ನಾಗಿ ಬಂತು. ಕುರಿ ಮೊದಲ ಹೆಜ್ಜೆ ಕದಲೋ ಆ ಕ್ಷಣವೇ ಟ್ರಯಲ್‌ನಲ್ಲಿ ಒಂದು ಘಟ್ಟ, ಅಲ್ಲಿ ಬೆದರಿದರೆ ಮುಂದಿನದೆಲ್ಲ ಕೆಡುತ್ತದೆ. ಬೆದರಲಿಲ್ಲ. ಎರಡು ಗೂಟದ ನಡುವೆ ನೇರ ನನ್ನ ಹತ್ತಿರ ತಂದಳು. ಆಮೇಲೆ ನನ್ನಿಂದ ದೂರಕ್ಕೆ ಅಟ್ಟಬೇಕು, 100ಕ್ಕೆ 30 ಅಂಕ ಅದಕ್ಕೇ. ಇಪ್ಪತ್ತು ಹೆಜ್ಜೆ ಅಟ್ಟಿದಳು, ತಟ್ಟನೆ ಸುತ್ತು ಹೊಡೆದು ಕುರಿಗಳನ್ನು ಮತ್ತೆ ನನ್ನ ಹತ್ತಿರಕ್ಕೇ ತಂದು ನಿಲ್ಲಿಸಿದಳು. ನಾನು ಕೂಗಲಿಲ್ಲ. ಅಟ್ಟೋದು ಅವಳ ಹುಟ್ಟುಗುಣಕ್ಕೆ ಎದುರು, ಅದಕ್ಕೇ ಅದನ್ನು ಕೊನೆಗೆ ಕಲಿಸೋದು.

ಈಗ ದಿನಾ ಬೆಳಿಗ್ಗೆ ಅವಳ ಭುಜದ ಪಕ್ಕದಲ್ಲೇ ನಡೆಯುತ್ತೇನೆ, ಇಬ್ಬರೂ ಕುರಿಗಳ ಹಿಂದೆ. ನಿನ್ನೆ ನಲವತ್ತು ಹೆಜ್ಜೆ ಆಯ್ತು.