ಆಟಿಯ ಸೊಪ್ಪಿನ ದಾಖಲೆ: ಕೆಸುವಿನಲ್ಲೇ ಸಿಕ್ಕಿಬಿದ್ದಿದ್ದೇನೆ

ಹಿತ್ತಿಲಿನ ಹನ್ನೆರಡು ಸೊಪ್ಪುಗಳ ಬಗ್ಗೆ ಬರೆದಿಡುತ್ತೇನೆಂದು ಜೂನ್‌ನಲ್ಲಿ ಹೊರಟವಳು, ತುಳುವರ ಮಳೆಗಾಲದ ತಿಂಗಳಾದ ಆಟಿ ಅರ್ಧ ಕಳೆದರೂ ಐದನೆಯದರಲ್ಲೇ ಇದ್ದೇನೆ. ಕಳೆದ ವರ್ಷ ಅಪ್ಪನಿಗೆ ಕಿಡ್ನಿಯಲ್ಲಿ ಕಲ್ಲಾದಾಗ ಡಾಕ್ಟರು "ಸೊಪ್ಪು ಕಡಿಮೆ ಮಾಡಿ" ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದರು. ಯಾವ ಸೊಪ್ಪು, ಎಷ್ಟು, ಹೇಗೆ ಬೇಯಿಸಿದ್ದು, ಏನೂ ಹೇಳಲಿಲ್ಲ. ಈ ಉಡುಪಿಯ ಮಳೆಯಲ್ಲಿ ಸೊಪ್ಪು ಬಿಟ್ಟು ಮತ್ತೇನು ಅಡುಗೆ ಮಾಡುವುದು ಎಂದು ಅಮ್ಮನಿಗೆ ಸಿಟ್ಟು. ನನ್ನ ನೋಟ್‌ಬುಕ್ ಶುರುವಾದದ್ದು ಆ ಸಿಟ್ಟಿನಿಂದಲೇ.

ಜುಲೈ 20

ಬಾವಿಕಟ್ಟೆ ಪಕ್ಕದ ಕೆಸುವಿನ ದಂಟು ಕೊಯ್ದು, ಅದರ ರಸದ ಒಂದು ಹನಿಯನ್ನು ಫೋಲ್ಡ್‌ಸ್ಕೋಪಿನಲ್ಲಿ ಇಟ್ಟೆ. ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ ಇದು, 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಮೊದಲು ಬರೀ ಗಾಳಿಗುಳ್ಳೆ. ಕಾಗದವನ್ನು ಕೂದಲೆಳೆಯಷ್ಟು ಸರಿಸಿದಾಗ ಕಂಡಿತು: ಹಿಡಿಸೂಡಿಯ ಕಟ್ಟು ಬಿಚ್ಚಿ ಕಡ್ಡಿಗಳೆಲ್ಲ ಚೆಲ್ಲಿದ ಹಾಗೆ, ಎರಡೂ ತುದಿ ಚೂಪಾದ ಸೂಜಿಗಳು. ಕ್ಯಾಲ್ಸಿಯಂ ಆಕ್ಸಲೇಟ್. ಬಾಯಿ ತುರಿಸುವುದು ಇದರಿಂದ. ಅಮ್ಮನನ್ನು ಕರೆದು ತೋರಿಸಿದೆ. "ಇಷ್ಟು ವರ್ಷ ಇದನ್ನಾ ನಿಮಗೆಲ್ಲ ತಿನ್ನಿಸಿದ್ದು ನಾನು?" ಎಂದರು.

ಜುಲೈ 23

ಹುಣಸೆಹುಳಿ ಸೂಜಿಯನ್ನು ಕರಗಿಸುತ್ತದೆ ಎಂದು ನಾನೂ ನಂಬಿದ್ದೆ. ಎಲೆಯ ಚೂರನ್ನು ಹುಳಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಸೂಜಿಗಳು ನಿನ್ನೆಯ ಹಾಗೇ ಇವೆ.

ಮತ್ತೆ ಪತ್ರೊಡೆಗೆ ಕೂತೆವು. ಬೆಳ್ತಿಗೆ ಅಕ್ಕಿ, ಹುಣಸೆ, ಬೆಲ್ಲ, ಒಣಮೆಣಸು, ತೆಂಗಿನತುರಿ ರುಬ್ಬಿ ಎಲೆಯ ಬೆನ್ನಿಗೆ ಹಚ್ಚಿ ಸುತ್ತುವುದು ಅಮ್ಮ, ಗಡಿಯಾರ ನೋಡುವುದು ನಾನು. ಹಬೆಯಲ್ಲಿ 20 ನಿಮಿಷ ಬೆಂದ ಒಂದು ಸುರುಳಿ ಹೊರಗೆ ತೆಗೆದು, ಅಮ್ಮ "ಬೇಡ ಮಾರಾಯ್ತಿ" ಎನ್ನುವುದರೊಳಗೆ ಬಾಯಿಗಿಟ್ಟೆ. ಆಮೇಲೆ ಒಂದು ಗಂಟೆ ಮಜ್ಜಿಗೆ ಕುಡಿಯುತ್ತಾ ಕೂತದ್ದೇ ಕೆಲಸ. 50 ನಿಮಿಷ ಬೆಂದ ಸುರುಳಿ ಒಂದಿಷ್ಟೂ ತುರಿಸಲಿಲ್ಲ. ಆದರೆ ಅದರ ಚೂರಿನಲ್ಲೂ ಸೂಜಿಗಳು ಕಂಡವು!

ಇಲ್ಲಿ ಮೂರು ದಿನ ತಲೆ ಕೆಡಿಸಿಕೊಂಡೆ. ಓದಿದ ಮೇಲೆ ಗೊತ್ತಾಯಿತು, ಸೂಜಿ ಮಾಡುವುದು ತೂತು ಮಾತ್ರ. ಉರಿ ಹೆಚ್ಚಿಸುವುದು ಅದರ ಜೊತೆಗಿರುವ ಒಂದು ಪ್ರೋಟೀನು. ಬಿಸಿಗೆ ಹಾಳಾಗುವುದು ಆ ಪ್ರೋಟೀನು, ಸೂಜಿಯಲ್ಲ.

ಜುಲೈ 29

ಅಪ್ಪನ ವಿಷಯಕ್ಕೆ ಬರುತ್ತೇನೆ. "ತುರಿಸದಿದ್ದರೆ ತಿನ್ನಬಹುದಲ್ಲ" ಎಂದು ಅವರ ವಾದ. ತಪ್ಪು ಲೆಕ್ಕ. ಕಿಡ್ನಿಯ ಕಲ್ಲು ಹೆಚ್ಚಾಗಿ ಆಗುವುದು ಇದೇ ಕ್ಯಾಲ್ಸಿಯಂ ಆಕ್ಸಲೇಟಿನಿಂದ. ಸೂಜಿಯಾಗಿರುವ ಆಕ್ಸಲೇಟ್ ನೀರಿಗೆ ಕರಗುವುದಿಲ್ಲ, ಅದರ ಹೆಚ್ಚಿನ ಪಾಲು ಹಾಗೇ ಹೊರಗೆ ಹೋಗುತ್ತದೆ. ಕಲ್ಲಿನವರು ಹೆಚ್ಚು ಹೆದರಬೇಕಾದದ್ದು ಎಲೆಯಲ್ಲಿ ಕರಗಿಕೊಂಡಿರುವ ಆಕ್ಸಲೇಟಿಗೆ, ಅದು ನಾಲಿಗೆಗೆ ಸುಳಿವನ್ನೇ ಕೊಡುವುದಿಲ್ಲ. ಬೇಯಿಸಿ ನೀರು ಬಸಿದರೆ ಅದರ ಒಳ್ಳೆಯ ಪಾಲು ಹೋಗುತ್ತದೆ, ಜೊತೆಗೆ ವಿಟಮಿನ್ ಸಿ ಕೂಡ. ಪತ್ರೊಡೆಯಲ್ಲಾದರೋ ಬಸಿಯಲು ನೀರೇ ಇಲ್ಲ, ಎಲ್ಲ ಸುರುಳಿಯೊಳಗೇ.

ಇದೇ ಲೆಕ್ಕ ಹರಿವೆಗೂ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ಹಸಿರು ಹರಿವೆಗೆ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಹಾಲಿನ ಎರಡು ಪಟ್ಟಿಗಿಂತ ಜಾಸ್ತಿ. ನೋಡಿ ಹಿಗ್ಗಿದ್ದೆ. ಆದರೆ ಹರಿವೆಯ ಕುಟುಂಬದ್ದೇ ಆದ ಪಾಲಕಿನಲ್ಲಿ ಅಳೆದು ನೋಡಿದಾಗ ಮೈಗೆ ಸೇರಿದ ಕ್ಯಾಲ್ಸಿಯಂ ಶೇ. 5ರಷ್ಟು ಮಾತ್ರ, ಹಾಲಿನದ್ದು ಶೇ. 28ರ ಹತ್ತಿರ. ಉಳಿದದ್ದನ್ನು ಆಕ್ಸಲೇಟ್ ಹಿಡಿದಿಟ್ಟುಕೊಳ್ಳುತ್ತದೆ. ಅದೇ ಹಿಡಿತ ನಮಗೆ ಉಪಯೋಗಕ್ಕೂ ಬರುತ್ತದೆ. ಸೊಪ್ಪಿನ ಜೊತೆಗೇ ಮೊಸರು ಉಂಡರೆ ಮೊಸರಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟಿಗೆ ಅಂಟಿ, ಆಕ್ಸಲೇಟ್ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಸೊಪ್ಪನ್ನು ಮೊಸರಿಗೆ ಬೆರೆಸುವ ತಂಬುಳಿಯ ಬಗ್ಗೆ ನನಗಿದ್ದ ಗೌರವ ಇಮ್ಮಡಿಯಾಯಿತು.

ಚಕ್ರಮುನಿ ಸೊಪ್ಪಿನ ದಾಖಲೆ ಬೇಗ ಮುಗಿಯಿತು. ಬೇಯಿಸಿ ಪಲ್ಯ ಮಾಡಿದರೆ ಚೆಂದ, ಹಸಿ ಜ್ಯೂಸು ಬೇಡ. ತೈವಾನಿನಲ್ಲಿ 1995ರ ಹೊತ್ತಿಗೆ ತೂಕ ಇಳಿಸಲೆಂದು ಹಸಿ ರಸ ಕುಡಿದ ಎಷ್ಟೋ ಜನರ ಶ್ವಾಸಕೋಶ ಸರಿಪಡಿಸಲಾಗದಷ್ಟು ಕೆಟ್ಟಿತು.

ಆಗಸ್ಟ್ 2

ತಜಂಕ್ (ಚಗಟೆ ಸೊಪ್ಪು) ಕೊಯ್ಯಲು ಹೋಗಿ ಸಣ್ಣದೊಂದು ಗಾಬರಿ. ಕಾಂಪೌಂಡ್ ಬುಡದಲ್ಲಿ ಎರಡು ಜಾತಿ ಒಟ್ಟಿಗೆ ಎದ್ದಿವೆ. ತಜಂಕಿನ ಒಂದೊಂದು ಎಲೆಯಲ್ಲಿ ಮೂರು ಜೋಡಿ ಚಿಕ್ಕೆಲೆ, ತುದಿ ಗುಂಡಗೆ. ಇನ್ನೊಂದರಲ್ಲಿ ನಾಲ್ಕೈದು ಜೋಡಿ, ತುದಿ ಚೂಪು. ಅದು ಸೆನ್ನಾ ಆಕ್ಸಿಡೆಂಟಾಲಿಸ್. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷ ವರ್ಷವೂ ಮಕ್ಕಳನ್ನು ಕೊಲ್ಲುತ್ತಿದ್ದ "ನಿಗೂಢ ಮೆದುಳು ಜ್ವರ"ಕ್ಕೆ ಇದರ ಬೀಜ ಕಾರಣ ಎಂದು 2007ರಲ್ಲಿ ವೈದ್ಯರು ತೋರಿಸಿಕೊಟ್ಟರು. ಪಕ್ಕದ ಮನೆಯ ಮಕ್ಕಳು ಅಡುಗೆ ಆಟ ಆಡುವುದು ಅದೇ ಮೂಲೆಯಲ್ಲಿ. ಕಾಯಿ ಬಿಡುವ ಮೊದಲೇ ಕಿತ್ತು ಹಾಕಿದೆ, ಒಟ್ಟು ಹದಿನಾಲ್ಕು ಗಿಡ.

ಆಗಸ್ಟ್ 4

ಅಪ್ಪನಿಗೆ ಎರಡು ತುಂಡು ಪತ್ರೊಡೆ, ಒಂದು ಬಟ್ಟಲು ಮೊಸರು. ಮೂರನೆಯ ತುಂಡಿಗೆ ಕೈ ಹಾಕಿದಾಗ ಅಮ್ಮ ತಟ್ಟೆಯನ್ನೇ ಎತ್ತಿಕೊಂಡು ಒಳಗೆ ಹೋದರು. ಹಲಸಿನ ಮರದ ಮೇಲೆ ಮರಕೆಸು ಚಿಗುರಿದೆ. ಅದು ತುರಿಸುವುದು ಕಡಿಮೆ ಅನ್ನುತ್ತಾರೆ. ಮಳೆ ಸ್ವಲ್ಪ ಬಿಟ್ಟರೆ ಏಣಿ ಹಾಕಿ ಒಂದೆಲೆ ತಂದು ಸೂಜಿ ನೋಡಬೇಕು.