ಹಳದಿ ಬೆಲ್ಲ

ಯುಗಾದಿಗೆ ಹೋಳಿಗೆ ಮಾಡಿದ್ದೆ. ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಪಕ್ಕದ ಮನೆಯ ಅಜ್ಜಿಗೂ ನಾಲ್ಕು ಕೊಡೋಣ ಅಂತ ಮಗನ ಜೊತೆ ಹೋದೆ. ತಟ್ಟೆ ಇಸ್ಕೊಂಡರು, ಮೂಸಿ ನೋಡಿದರು, ನಕ್ಕರು, ಆಮೇಲೆ "ಇದರಲ್ಲಿ ಸಲ್ಫೈಟ್ ಇದೆಯಾ?" ಅಂದರು. ಅವರಿಗೆ ಅಸ್ತಮಾ. ಸಲ್ಫೈಟ್ ಅಂದರೆ ಆಹಾರ ಕೆಡದಿರಲಿ, ಬಣ್ಣ ಮಾಸದಿರಲಿ ಅಂತ ಹಾಕುವ ಗಂಧಕದ ಕೆಮಿಕಲ್. ಅದನ್ನು ಹಾಕಿದ ಒಣ ಜರ್ದಾಳು ತಿಂದರೂ ಎದೆ ಬಿಗಿಯುತ್ತದಂತೆ.

ನನಗೆ ಚುರ್ ಅಂತು. ಇದು ನಮ್ಮ ಬೀದರ್ ಕಡೆಯ ಬೆಲ್ಲ, ಅವ್ವ ಹಳೇ ಸೀರೆ ತುಂಡಿನಲ್ಲಿ ಕಟ್ಟಿ ಕಳಿಸಿದ್ದು, ಇದರಲ್ಲಿ ಎಂಥ ಕೆಮಿಕಲ್ ಅಂದೆ. ಮಗ ಮಧ್ಯೆ ಬಾಯಿ ಹಾಕಿದ: "ಮಮ್ಮಿ, ಅದರ ಮೇಲೆ ಏನೂ ಬರೆದೇ ಇರಲಿಲ್ಲವಲ್ಲ!"

ಒಂಬತ್ತು ವರ್ಷದವನು. ಇಲ್ಲಿ ಕಿಲೋಗೆ 10 ಮಿಲಿಗ್ರಾಂ ದಾಟಿದರೆ ಸಲ್ಫೈಟ್ ಇದೆ ಅಂತ ಬರೆಯಲೇಬೇಕು. ಶೇಂಗಾ, ಹಾಲು, ಎಳ್ಳಿನ ಜೊತೆ ಅದೂ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿದೆ. ಹೋಳಿಗೆ ವಾಪಸ್ ತಂದೆ.

ರಾತ್ರಿ ಉಳಿದ ಬೆಲ್ಲದ ಪೆಂಟಿ ತೆಗೆದು ನೋಡಿದೆ. ಹಳದಿ, ಥಳಥಳ. ಮುತ್ಯಾ ಗಾಣ ಹೂಡುತ್ತಿದ್ದಾಗ ಬೆಲ್ಲ ಹೀಗಿರಲಿಲ್ಲ. ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡ ಜಜ್ಜಿದ ಲೋಳೆ ನೀರು ಹಾಕಿ ಕೊಳೆ ತೆಗೆಯುತ್ತಿದ್ದರು, ಆದರೂ ಬೆಲ್ಲ ಕಂದು. ಅಡತಿಯಲ್ಲಿ ಮಾತ್ರ ಹಳದಿಗೇ ಜಾಸ್ತಿ ರೇಟು. ಹಾಗೆ ಬಂತು ಹೈಡ್ರೋಸ್ ಅನ್ನೋ ಬಿಳಿ ಪುಡಿ, ಕಡಾಯಿಗೆ ಒಂದಿಷ್ಟು ಹಾಕಿದರೆ ಬಣ್ಣ ತಿಳಿಯಾಗುತ್ತೆ. ಅದು ಸೋಡಿಯಂ ಹೈಡ್ರೋಸಲ್ಫೈಟ್. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್, ಅಂದರೆ ಆ ಸಲ್ಫೈಟ್ ಜಾತಿಯದೇ, ಉಳಿಯುತ್ತದೆ, ಅಜ್ಜಿ ಹೆದರೋದು ಅದಕ್ಕೇ.

ಬಹಳ ಜನಕ್ಕೆ ಏನೂ ಆಗಲ್ಲ, ನಾವೆಲ್ಲ ತಿಂದೇ ಬೆಳೆದಿಲ್ವಾ. ಆದರೆ ನಮ್ಮ ಸೋದರಮಾವನಿಗೆ ಉಬ್ಬಸ ಇತ್ತು. ಹಬ್ಬದ ರಾತ್ರಿ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದ, ನಾವು ತುಪ್ಪ ಜಾಸ್ತಿ ಆಯ್ತು ಅಂತ ನಗುತ್ತಿದ್ದೆವು. ಬೆಲ್ಲದ್ದೋ ಅಲ್ಲವೋ, ಯಾರೂ ಕೇಳಲಿಲ್ಲ. ಕೇಳಿದರೂ ಹೇಳೋರು ಯಾರಿದ್ದರು?

ಅವ್ವನಿಗೆ ಫೋನ್ ಮಾಡಿ, ಕರಿ ಬೆಲ್ಲ ಯಾಕೆ ಕಳಿಸಲಿಲ್ಲ ಅಂದೆ.

"ಅಷ್ಟು ದೂರ ಇರೋ ಮಗಳಿಗಿ ಕರಿ ಬೆಲ್ಲ ಕಳಿಸ್ಲೇನವಾ? ನಾಕು ಅಂಗಡಿ ತಿರುಗಿ ಚೊಲೋ ಹಳದೀದೇ ಆರಿಸೀನಿ."

ಹೈಡ್ರೋಸ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದಳು.

"ಮುತ್ಯಾನ ಬೆಲ್ಲ ಈಗ ಇಲ್ಲೆಲ್ಲಿ ಸಿಗ್ತದವಾ. ನಿಮ್ಮಲ್ಲಿ ಅಂಗಡ್ಯಾಗ ಸಿಕ್ಕರ, ಬರೋವಾಗ ನನಗೂ ಒಂದು ಪೆಂಟಿ ತಗೊಂಡು ಬಾ."